ಸೊಟ್ಟಗಾಗದ ಗೆರೆ

"ಮೇಡಂ, ಆ ಕೆಂಪು ಗೆರೆ ಮುನಿವೆಂಕಟಪ್ಪೋರ ಅಂಗಡಿಗಳ ಮೇಲೂ ಹೋಗುತ್ತಾ, ಇಲ್ಲ ಅಲ್ಲಿಗ್ ಬಂದು ಸೊಟ್ಟಗಾಗುತ್ತಾ?"

ದಿನೇಶ ಎದ್ದು ನಿಂತು ಹೀಗೆ ಕೇಳಿದ್ದೇ ತಡ, ಗೊಟ್ಟಿಗೆರೆಯ ಸಮುದಾಯ ಭವನದಲ್ಲಿದ್ದವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದ ಮುನಿವೆಂಕಟಪ್ಪನವರತ್ತ ತಿರುಗಿದರು. ವೇದಿಕೆಯ ಮೇಲೆ ನಕ್ಷೆಯ ಪಕ್ಕ ನಿಂತಿದ್ದ ಯೋಜನಾಧಿಕಾರಿ ಸುಚಿತ್ರಾ ಬೇರೆ ಯಾರೂ ಅಲ್ಲ, ಮುನಿವೆಂಕಟಪ್ಪನವರ ಮಗಳೇ. ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ತೋರಿಸಿದ್ದ, ಕೆರೆಗೆ ಹೋಗುವ ರಾಜಕಾಲುವೆಯನ್ನು ಮತ್ತೆ ತೆರೆಯದಿದ್ದರೆ ತಗ್ಗಿನ ಬೀದಿಯ ಮನೆಗಳಿಗೆ ಪ್ರತಿ ಮಳೆಗೂ ನೀರು ನುಗ್ಗುವುದು ತಪ್ಪುವುದಿಲ್ಲ ಎಂದು ಅವಳು ಆಗಷ್ಟೇ ವಿವರಿಸಿದ್ದಳು. ದಿನೇಶನ ಮನೆ ಇದ್ದದ್ದು ಆ ಬೀದಿಯಲ್ಲೇ. ಹೊಲವೆಲ್ಲ ಲೇಔಟ್ ಆದ ಮೇಲೆ ಮುನಿವೆಂಕಟಪ್ಪ ಅದೇ ಕಾಲುವೆಯನ್ನು ಮುಚ್ಚಿ ನಾಲ್ಕು ಅಂಗಡಿ ಕಟ್ಟಿಸಿದ್ದರು. ಮಗಳನ್ನು ಓದಿಸಿದ್ದು ಆ ಬಾಡಿಗೆಯಲ್ಲಿ.

ಸುಚಿತ್ರಾ ಅಪ್ಪನ ಮುಖ ನೋಡಿದಳು. ಆಮೇಲೆ ಕೆಂಪು ಪೆನ್ ತೆಗೆದುಕೊಂಡು, ನಕ್ಷೆಯಲ್ಲಿ ಆ ನಾಲ್ಕು ಅಂಗಡಿಗಳ ಮೇಲೆ ದಪ್ಪಗೆ 'ಒಂದು' ಎಂದು ಬರೆದಳು.

"ಸೊಟ್ಟಗಾಗಲ್ಲ ಸಾರ್. ತೆರವು ಕೆಲಸ ಅಲ್ಲಿಂದಾನೇ ಶುರು."

ಮುನಿವೆಂಕಟಪ್ಪನವರಿಗೆ ಒಂದು ಗಳಿಗೆ ಸಿಟ್ಟೇ ಬಂತು. ಇಡೀ ಊರಿನ ಮುಂದೆ ಹೆತ್ತ ಮಗಳೇ ಹೀಗೆ ಹೇಳುವುದೇ! ಆದರೆ ಅಷ್ಟು ಜನರ ನಡುವೆ ಒಬ್ಬಳೇ ನೆಟ್ಟಗೆ ನಿಂತಿದ್ದ ಅವಳನ್ನು ನೋಡುತ್ತ ನೋಡುತ್ತ ಅವರ ಎದೆ ತುಂಬಿ ಬಂತು. ಕುರ್ಚಿ ಹಿಂದಕ್ಕೆ ಸರಿಸಿ ಮೇಲೆದ್ದರು.

"ಬಾಡಿಗೆಯವ್ರಿಗೆ ನಾನೇ ಹೇಳ್ತೀನಿ ದಿನೇಶ. ನನ್ನಂಗಡಿ ಅಂತ ಬಿಡ್ಲಿಲ್ಲ ನೋಡು," ಎಂದರು ಎಲ್ಲರಿಗೂ ಕೇಳುವಂತೆ, "ಅವಳು ನನ್ ಮಗಳು ಕಣಯ್ಯ!"