ಕೊತ್ತಂಬರಿ ಕಟ್ಟಿನಡಿಯ ಗುಲಾಬಿ ಮಾತ್ರೆ

ಜಯನಗರದ ಇತಿಹಾಸವನ್ನು ಯಾರಾದರೂ ಬರೆಯುವುದಿದ್ದರೆ ಆ ಮಂಗಳವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಅಂದು ಬೆಳಿಗ್ಗೆ ಹೆಂಡತಿಯ ತರಕಾರಿ ಚೀಲದಲ್ಲಿ, ಕೊತ್ತಂಬರಿ ಕಟ್ಟಿನ ಅಡಿಯಲ್ಲಿ, ರಾಮಪ್ರಸಾದರಿಗೆ ಗುಲಾಬಿ ಮಾತ್ರೆಗಳ ಒಂದು ಸ್ಟ್ರಿಪ್ ಸಿಕ್ಕಿತು.

ಕ್ಲೋಪಿಡೋಗ್ರೆಲ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಹಳೆಯದು, ಅಗ್ಗದ್ದು. ರಾಮಪ್ರಸಾದರದು ಟಿಕಾಗ್ರೆಲರ್. ದೀಪಾವಳಿ ಆದ ಮೇಲೆ ಅವರ ಹೃದಯಕ್ಕೆ ಸ್ಟೆಂಟ್ ಕೂರಿಸಿದ ಡಾಕ್ಟರು ಬರೆದುಕೊಟ್ಟದ್ದು. ಕೆಲಸವೂ ಅದೇ, ಬೆಲೆ ಮಾತ್ರ ಬೇರೆ. ಪಾರ್ಕಿನ ಬೆಂಚಿನಲ್ಲಿ ಅದರದೇ ಒಂದು ಗತ್ತು.

"ಈಗೆಲ್ಲಾ ಹಳೇದನ್ನ ಯಾರ್ರೀ ಬರೀತಾರೆ? ಟ್ರೆಂಡೇ ಬದಲಾಗಿದೆ," ಎನ್ನುತ್ತಿದ್ದರು.

ಹಳೆಯದನ್ನೇ ನುಂಗುವ ಬೆಂಚಿನ ಗೆಳೆಯ ಮುತ್ತುರಾಜ ನಗುತ್ತಿದ್ದ. "ನಿಮ್ದು ಹೈಕ್ಲಾಸ್ ರಕ್ತ ಬಿಡಿ ಸಾರ್."

ಮಾತ್ರೆ ತರುವುದು, ಕೊಡುವುದು ಹೆಂಡತಿ ಸರಸ್ವತಿ. ದಿನಕ್ಕೆರಡು ಸಲ ಅಂಗೈ ಚಾಚಿ, ತೀರ್ಥದಂತೆ ಸ್ವೀಕರಿಸಿ, ಕಣ್ಣು ಮುಚ್ಚಿ ನುಂಗುವುದು ರಾಮಪ್ರಸಾದರ ಪದ್ಧತಿ. ಬಣ್ಣ ನೋಡಿದವರೇ ಅಲ್ಲ.

ಈಗ ಎಲ್ಲವೂ ಹೊಳೆಯಿತು. ಯುಗಾದಿ ಕಳೆದು ನಾಲ್ಕು ದಿನ ತಂಗಿ ಮನೆಗೆಂದು ಹೋಗಿ ಬಂದಾಗಿನಿಂದ ಅವಳು ಬದಲಾಗಿದ್ದಳು. ಹನುಮಂತನಗರದ ಗುಡ್ಡ ಹತ್ತದೆ ಕೆಳಗಿನಿಂದಲೇ ಆಂಜನೇಯನಿಗೆ ಕೈ ಮುಗಿಯುತ್ತಿದ್ದಳು. ಸೋಮಾರಿತನ. ಬಳೆ ತಾಗಿದ್ದಕ್ಕೇ ಮುಂಗೈ ನೀಲಿಗಟ್ಟುತ್ತಿತ್ತು. ಅಜಾಗರೂಕತೆ. ಒಮ್ಮೆ ಹುರುಳಿಕಾಯಿ ಹೆಚ್ಚುವಾಗ ಬೆರಳು ಕೊಯ್ದು ಅರ್ಧ ಗಂಟೆ ರಕ್ತ ನಿಲ್ಲಲಿಲ್ಲ, ಪಲ್ಯ ತಡವಾಯಿತು.

"ಗಮನ ಎಲ್ಲಿರತ್ತೆ ನಿಂಗೆ?" ಎಂದು ರೇಗಿದ್ದರು.

"ನಿಮ್ಮ ಕಡೆಗೇ," ಎಂದಿದ್ದಳು.

ತನ್ನ ಕಡೆಗಲ್ಲ, ತನ್ನ ಔಷಧಿಯ ದುಡ್ಡಿನ ಕಡೆಗೆ! ದುಬಾರಿ ಮಾತ್ರೆಗೆಂದು ದುಡ್ಡು ಪಡೆದು, ಅಗ್ಗದ್ದು ತಂದು ಅಂಗೈಗೆ ಹಾಕುತ್ತಿದ್ದಾಳೆ. ಚಿಲ್ಲರೆ ಉಳಿತಾಯಕ್ಕೆ ಗಂಡನ ಪ್ರಾಣ.

ಮಧ್ಯಾಹ್ನ ಸರಸ್ವತಿ ಚೀಲ ಹಿಡಿದು ಹೊರಟಾಗ ಆಟೊದಲ್ಲಿ ಹಿಂಬಾಲಿಸಿದರು. ಹೃದಯಕ್ಕೆ ಶ್ರಮ ಕೊಡಬಾರದಲ್ಲ. ಅವಳು ನಡೆದೇ ಹೋದಳು. ದಾರಿಯಲ್ಲಿ ನಾಲ್ಕು ಸಲ ನಿಂತಳು. ಯಾರಾದರೂ ನೋಡುತ್ತಿದ್ದಾರೆಯೇ ಎಂಬ ಕಳ್ಳ ಅನುಮಾನ, ಎಂದುಕೊಂಡರು. ಆದರೆ ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಸಿದ್ದಾಪುರದ ಜೆನೆರಿಕ್ ಔಷಧಿ ಅಂಗಡಿಯ ಕೌಂಟರಿನಲ್ಲಿ ರಾಮಪ್ರಸಾದರು ಗುಡುಗಿದರು. "ಸಿಕ್ಕಿಬಿದ್ದೆ! ಡಾಕ್ಟರ್ ಬರೆದಿದ್ದೊಂದು, ನೀನು ತಗೊಳ್ತಿರೋದೊಂದು!"

ಸರಸ್ವತಿ ಸ್ಟೂಲಿನ ಮೇಲೆ ಕೂತು ಉಸಿರೆಳೆದುಕೊಂಡಳು.

ಅಂಗಡಿಯ ರಮ್ಯ ಸಮಾಧಾನಕ್ಕೆ ಬಂದಳು. "ಇಲ್ಲ ಅಂಕಲ್, ಡಾಕ್ಟರೇ ಬದಲಾಯಿಸಿ ಬರ್ಕೊಟ್ಟಿದ್ದಾರೆ. ಮೊದ್ಲು ಹೊಸದನ್ನೇ ಬರೆದಿದ್ರಂತೆ. ದುಬಾರಿದು ಒಂದು ಮನೆಗೆ ಒಂದೇ ಸಾಕು, ಹಳೇದೇ ಕೊಡಿ ಅಂತ ಆಂಟಿನೇ ಕೇಳ್ಕೊಂಡ್ರಂತೆ."

"ಕೇಳ್ಕೊಂಡ್ಲಾ? ಹಾರ್ಟಿನ ವಿಷಯದಲ್ಲೂ ಚೌಕಾಸಿನಾ?"

ಸಾಕ್ಷಿಗಿರಲೆಂದು ಅವರು ಚೀಟಿಯನ್ನು ಕಿತ್ತುಕೊಂಡರು. ಕನ್ನಡಕ ಏರಿಸಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು.

"ರೋಗಿಯ ಹೆಸರು: ಸರಸ್ವತಿ. ವಯಸ್ಸು: ಅರವತ್ತೆರಡು. ಸ್ಟೆಂಟ್: ಎರಡು."