ಅರ್ಧ ಲೋಟ ನೀರು

“ಹಳೇ ಗುಳಿಗೀನ ಬರದ ಕೊಡ್ರಿ ಡಾಕ್ಟರಬಾಯಾರ, ಕನ್ನೊಳ್ಳಿ ಬಸ್ ತಪ್ಪತೈತಿ,” ಎಂದಳು ಸೀತವ್ವ. ಮನೋರೋಗಕ್ಕೆ ಗುಳಿಗೆ ನುಂಗುತ್ತಿದ್ದ ಮಗಳು ಸಾಕ್ಷಿಯನ್ನು ಕರೆದುಕೊಂಡು ಮುಂಜಾನೆಯಿಂದ ಸಿಂದಗಿಯ ಆಸ್ಪತ್ರೆಯಲ್ಲಿ ಕೂತು ಅವಳ ಸೊಂಟ ಸೋತಿತ್ತು. ಮನೋರೋಗದ ಔಷಧಿ ಬರೆಯುವ ತರಬೇತಿಯಲ್ಲಿದ್ದ ಡಾಕ್ಟರ್ ಪ್ರಜ್ಞಾ ಪೆನ್ನು ಎತ್ತಿ, ಪಕ್ಕದಲ್ಲಿದ್ದ ಹಿರಿಯ ಡಾಕ್ಟರ್ ಜೈನುದ್ದೀನರ ಕಡೆ ನೋಡಿದಳು. ಅವರು ಒಪ್ಪದೆ ಅವಳು ಬರೆಯುವಂತಿರಲಿಲ್ಲ.

“ಒಂದ ಚೀಟಿಗೆ ಇಬ್ಬರ ಡಾಕ್ಟರ ಬೇಕೇನ್ರಿ?” ಸೀತವ್ವ ಗೊಣಗಿದಳು.

ಜೈನುದ್ದೀನರು ಲೋಟದ ತುಂಬ ನೀರು ಹಾಕಿ, ಸಾಕ್ಷಿಯ ಕಡೆ ಕಣ್ಸನ್ನೆ ಮಾಡಿ ಪ್ರಜ್ಞಾಳ ಮುಂದೆ ಸರಿಸಿದರು. ಅವಳು ಅದನ್ನು ಸಾಕ್ಷಿಗೆ ಕೊಟ್ಟಳು. ತುಟಿ ಮುಟ್ಟುವಷ್ಟರಲ್ಲಿ ಅರ್ಧ ನೀರು ಹುಡುಗಿಯ ಮಡಿಲಲ್ಲಿತ್ತು.

“ಕೈ ನಡಗಾಕತ್ತಾವು. ರಕ್ತದಾಗ ಗುಳಿಗಿ ಅಂಶ ಹೆಚ್ಚಾಗಿರಬೇಕ್ರಿ ಸರ್, ಮೊದಲ ರಕ್ತ ತಪಾಸ ಮಾಡಸೂಣು,” ಎಂದು ಪ್ರಜ್ಞಾ ಪೆನ್ನು ಕೆಳಗಿಟ್ಟಳು. ಹಿರಿಯರು ತಲೆಯಾಡಿಸಿದರು.

ಸೀತವ್ವನಿಗೆ ಬಸ್ಸು ಮರೆತೇಹೋಯಿತು. ಮಗಳು ಬಡಿಯುವ ರೊಟ್ಟಿ ಹರಿದಾಗಲೆಲ್ಲ ‘ಬೇಕಂತನ ಮಾಡತಿ’ ಎಂದು ಅವಳು ಬೈದದ್ದು ಈ ಕೈಗಳನ್ನೇ. ಅವಳು ಲೋಟದ ತಳಕ್ಕೆ ತನ್ನ ಅಂಗೈ ಹಿಡಿದು, ಉಳಿದ ನೀರನ್ನು ಮಗಳಿಗೆ ನಿಧಾನವಾಗಿ ಕುಡಿಸಿದಳು.