ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕು ಕೀಲಿ

"ಎವರಿಸ್ತೊನ ಕೀಲಿ ಈಗಲೇ ರದ್ದಾಗ್ಬೇಕು. ನಿಮ್ಮ ನಿಮ್ಮ ಕೀಲಿ ತೆಗೀರಿ," ಎನ್ನುತ್ತ ಗ್ರಿಸೆಲ್ದಾ ಕಂಪ್ಯೂಟರಿಗೆ ಚುಚ್ಚುವ, ಹೆಬ್ಬೆರಳುದ್ದದ ತನ್ನ ಕೀಲಿಯನ್ನು ಎವರಿಸ್ತೊನ ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದಳು. ಕೋರ್ದೊಬಾ ಬೆಟ್ಟದ ಆ ಊರಿನ ಇಂಟರ್ನೆಟ್ ಯಾವ ಕಂಪನಿಯದೂ ಅಲ್ಲ, ಊರವರದೇ. ಐವರು ಕೀಲಿದಾರರಲ್ಲಿ ಮೂವರು ತಮ್ಮ ಕೀಲಿಯಿಂದ ಸಹಿ ಹಾಕದೆ ಮನೆಗಳ ಇಂಟರ್ನೆಟ್ ಪೆಟ್ಟಿಗೆಗೆ ಹೊಸ ತಂತ್ರಾಂಶ ಇಳಿಯುವಂತಿರಲಿಲ್ಲ, ಯಾರ ಕೀಲಿಯೂ ರದ್ದಾಗುವಂತಿರಲಿಲ್ಲ. ಆದರೂ ಯಾರ ಮನೆಯಲ್ಲಿ ಯಾರು ಏನು ನೋಡುತ್ತಾರೆಂದು ಎವರಿಸ್ತೊಗೆ ಚಾಡಿ ಹೇಳುವ ತಂತ್ರಾಂಶವೊಂದು ಇಳಿದುಬಿಟ್ಟಿತ್ತು, ಮೂರು ಸಹಿಗಳ ಸಮೇತ.

ಯಾರ ಕೈಯೂ ಜೇಬಿಗೆ ಹೋಗಲಿಲ್ಲ. ಇನ್ನೊಬ್ಬ ಕೀಲಿದಾರ ಡೆಲ್ಫೋರ್ ಸೋರೆಬುರುಡೆಯಲ್ಲಿದ್ದ ಕಷಾಯವನ್ನು, ಎಲ್ಲರೂ ಸರದಿಯಲ್ಲಿ ಬಾಯಿಡುವ ಕೊಳವೆಯಿಂದ ಸೊರ್ರನೆ ಹೀರಿ, ಮತ್ತೆ ತುಂಬಿಸಲು ಎವರಿಸ್ತೊಗೆ ಕೊಟ್ಟ. "ನಂದು ಇವನ ಹತ್ರಾನೇ ಇದೆ ಕಣೇ. ಒಂದೊಂದು ಸಹಿಗೂ ಯಾರು ಬೆಟ್ಟ ಹತ್ತಿ ಬರ್ತಾರೆ?" ಉಳಿದಿಬ್ಬರೂ "ನಮ್ದೂ ಅಷ್ಟೇ" ಎಂದು ಹಲ್ಲು ಕಿರಿದರು.

ಎವರಿಸ್ತೊ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದ. ಒಳಗೆ ಪುಡಿ ಮೆತ್ತಿಕೊಂಡ ನಾಲ್ಕು ಕೀಲಿಗಳಿದ್ದವು. "ನನ್ನ ಕೀಲಿ ಕಿತ್ತಾಕ್ಬೇಕಾ? ಕಿತ್ತಾಕೋಣ. ಯಾವುದು ಯಾರ್ದು, ಯಾವುದಕ್ಕೆ ಯಾವ ಗುಟ್ಟಿನ ನಂಬರು ಅಂತ ನಂಗೊಬ್ಬನಿಗೇ ನೆನಪಿರೋದು. ಎಲ್ಲರ ಸಹಿ ನಾನೇ ಹಾಕ್ಕೊಡ್ತೀನಿ ಬಿಡು, ಮಹಾರಾಣಿ." ಚಾಡಿ ಹೋಗಿದ್ದು ತಮ್ಮ ಮನೆಯದೂ ಹೌದೆಂಬುದನ್ನು ಮರೆತು ಆ ಮೂವರೂ ಗೊಳ್ಳೆಂದು ನಕ್ಕರು.

ಅವನು ಬುರುಡೆ ತುಂಬಿಸಿ ಅವಳ ಮುಂದೆ ಹಿಡಿದ. "ಕುಡಿ, ಪಿತ್ತ ಇಳೀಲಿ." ನಾಲ್ವರ ಎಂಜಲು ಕೊಳವೆಯ ತುದಿಯಲ್ಲಿ ಮಿನುಗುತ್ತಿತ್ತು. ಇಷ್ಟು ವರ್ಷ ತಾನೂ ಅದಕ್ಕೇ ಬಾಯಿಟ್ಟವಳೆಂದು ಗ್ರಿಸೆಲ್ದಾ ನೆನೆದಳು. ಆ ಸೀಮೆಯಲ್ಲಿ ಬುರುಡೆ ಹಿಂದಿರುಗಿಸುವಾಗ ಧನ್ಯವಾದ ಅಂದವರಿಗೆ ಮತ್ತೆ ಯಾರೂ ತುಂಬಿಸಿಕೊಡುವುದಿಲ್ಲ. ಅವಳು ತುಟಿ ತಾಗಿಸದೆ ಅದನ್ನು ಹಿಂದಕ್ಕೆ ತಳ್ಳಿ, ತನ್ನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು.

"ಧನ್ಯವಾದ," ಎಂದಳು.